ಆಗ್ನೇಯಕ್ಕೆ ಹೊರಟ ಗಂಟು

ಹೈದರಾಬಾದಿನಿಂದ ಆಕ್ಲೆಂಡಿಗೆ ಎಷ್ಟು ದೂರ ಎಂದು ನಾನು ಮೊಬೈಲಿನಲ್ಲಿ ಹುಡುಕಿದ್ದು ಅಫಜಲಪುರದ ಬಜಾರಿನಲ್ಲಿರುವ ಅವ್ವನ ಹೊಲಿಗೆ ಅಂಗಡಿಯಲ್ಲಿ ಕೂತು. ಉತ್ತರ ರೆಪ್ಪೆ ಮಿಟುಕಿಸುವುದರೊಳಗೆ ಬಂತು. ನೇರ ಹಾರಿದರೆ ಹೆಚ್ಚುಕಡಿಮೆ ಹನ್ನೆರಡು ಸಾವಿರ ಕಿಲೋಮೀಟರ್. ಆದರೆ ನೇರ ವಿಮಾನವಿಲ್ಲ, ಸಿಂಗಪುರದಲ್ಲಿ ಇಳಿದು ಇನ್ನೊಂದು ಹತ್ತಬೇಕು, ಕಾಯುವುದೂ ಸೇರಿ ಒಂದು ಹಗಲು ಒಂದು ರಾತ್ರಿಯೊಳಗೆ ಪ್ರಯಾಣ ಮುಗಿಯುತ್ತದೆ. ನಾನು ಜೇವರ್ಗಿಯ ಕಾಲೇಜಿನಲ್ಲಿ ಭೂಗೋಳ ಕಲಿಸುವವಳು. ಯಾರೂ ಕೇಳದಿದ್ದರೂ ವಿವರಿಸುವ ಚಟ ನನಗಿದೆ. ಭೂಮಿ ದುಂಡಗಿರುವುದರಿಂದ ವಿಮಾನದ ದಾರಿ ನಕ್ಷೆಯ ಮೇಲೆ ಬಾಗಿದಂತೆ ಕಾಣುತ್ತದೆ, ಅಲ್ಲಿ ನಮಗಿಂತ ಎಷ್ಟೋ ಮೊದಲು ಬೆಳಗಾಗುತ್ತದೆ, ನಮ್ಮ ಬೇಸಿಗೆಯಲ್ಲಿ ಅವರಿಗೆ ಚಳಿ ಎಂದೆಲ್ಲ ಹೇಳುತ್ತಾ ಹೋದೆ.

ಅವ್ವ ಮಷೀನಿನ ಮೇಲಿನ ಕಾಲು ನಿಲ್ಲಿಸದೆ ಎಲ್ಲವನ್ನೂ ಕೇಳಿದಳು. ಕೊನೆಗೆ ಅವಳು ಕೇಳಿದ್ದು ಎರಡೇ ಪ್ರಶ್ನೆ.

"ಯಾವ ದಿಕ್ಕಿಗಿ ಅದ? ಹೊಂಡೋದು ಯಾವ ದಿನ?"

ದಿನ ಹೇಳಿದೆ. ಅವಳು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು. ಮಷೀನು ನಿಂತಿತು. ಅಂದು ಅಮಾವಾಸ್ಯೆ.

ಟಿಕೆಟ್ ಮಾಡಿಸಿದ್ದು ನನ್ನ ತಂಗಿ. ಅವಳು ಆಕ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ಮೊದಲ ನೌಕರಿ ಆಳಂದ ತಾಲೂಕಿನ ಖಜೂರಿಯಲ್ಲಿ, ಗಡಿ ದಾಟುವ ಲಾರಿಗಳು ಸದ್ದು ಮಾಡುತ್ತಾ ಹೋಗುವ ರಸ್ತೆಯ ಬದಿಯ ಒಂದು ಸಣ್ಣ ದವಾಖಾನೆಯಲ್ಲಿ. ಆಗ ಅವ್ವನಿಗೆ ಖಜೂರಿಯೇ ದೇಶಾಂತರ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಆಳಂದದ ಬಸ್ಸು ಹಿಡಿದು, ಅಲ್ಲಿ ಇನ್ನೊಂದು ಬಸ್ಸು ಕಾದು ಹೋಗಿಬಂದರೆ ಎರಡು ದಿನ ಸೊಂಟ ಹಿಡಿದುಕೊಂಡು ಕೂರುತ್ತಿದ್ದಳು. ಅಷ್ಟು ದೂರ ಯಾಕ ಹೋಗ್ಬೇಕಿತ್ತು ಅಕಿ ಎಂದು ಗೊಣಗುತ್ತಿದ್ದಳು. ತಂಗಿ ಅಲ್ಲಿಂದ ಹೈದರಾಬಾದಿಗೆ ಹೋದಳು, ಮದುವೆಯಾದಳು, ಗಂಡನ ಜೊತೆ ಸಮುದ್ರ ದಾಟಿದಳು. ಆಮೇಲೆ ಅವ್ವ ದೂರದ ಬಗ್ಗೆ ಗೊಣಗುವುದನ್ನೇ ಬಿಟ್ಟಳು. ಗೊಣಗುವ ಅಳತೆಯನ್ನೂ ಮೀರಿ ಹೋಗಿತ್ತು ಅದು.

ಟಿಕೆಟ್ಟಿನ ಹಿಂದೆ ಒಂದು ನೋವಿತ್ತು. ಹಿಂದಿನ ವರ್ಷ ತಂಗಿಯ ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ. ಆ ದಿನ ಅವಳು ಆಸ್ಪತ್ರೆಯ ಹಾಸಿಗೆಯಿಂದ ಅವ್ವನಿಗೆ ಫೋನ್ ಮಾಡಿ ಮಾತಾಡದೆ ಅತ್ತಳು. ಅವ್ವ ಇದೇ ಅಂಗಡಿಯಲ್ಲಿ ಯಾರದೋ ಅರ್ಧ ಹೊಲಿದ ಜಂಪರನ್ನು ತೊಡೆಯ ಮೇಲಿಟ್ಟುಕೊಂಡು ಆ ಅಳುವನ್ನು ಮುಗಿಯುವ ತನಕ ಕೇಳಿದಳು. ನಾನು ಜೇವರ್ಗಿಯಿಂದ ಓಡಿ ಬರುವ ಹೊತ್ತಿಗೆ ಅವಳ ಕಣ್ಣುಗಳು ಒಣಗಿದ್ದವು. "ಫೋನಿನ್ಯಾಗ ದನಿ ಹೋಗ್ತದ, ಕೈ ಹೋಗಂಗಿಲ್ಲ" ಎಂದಳು. ಅಷ್ಟೇ. ಮತ್ತೆ ಆ ವಿಷಯ ಎತ್ತಲಿಲ್ಲ.

ಈ ಸಲ ಬಸಿರು ನಿಂತಿತು. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ನಮ್ಮ ಕಡೆಯ ರೂಢಿ. ಆದರೆ ಹಿಂದಿನದನ್ನು ನೋಡಿ ಡಾಕ್ಟರು ವಿಮಾನ ಹತ್ತಬೇಡ ಎಂದಿದ್ದರು. ದಿನ ತುಂಬುವ ಮೊದಲೇ ಆದರೂ ಆಗಬಹುದು ಎಂದೂ ಹೇಳಿದ್ದರು. ತಂಗಿ ಬೇಡಿದ್ದು ಒಂದೇ: ಆ ಹೊತ್ತಿನಲ್ಲಿ ಅವ್ವನ ಕೈ ತನ್ನ ಬೆನ್ನ ಮೇಲಿರಬೇಕು. ಅದಕ್ಕಾಗಿಯೇ ಆ ಟಿಕೆಟ್ಟು. ಒಂದು ವಾರ ಮುಂದೂಡಿದರೆ ಕೂಸು ಕಾಯುತ್ತದೆಂಬ ಭರವಸೆ ಇರಲಿಲ್ಲ. ಮತ್ತು ನನ್ನ ಅವ್ವ ಅಮಾವಾಸ್ಯೆಯ ದಿನ ದೂರದ ಊರಿಗೆ ಹೊರಡುವ ಹೆಂಗಸಲ್ಲ.

ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಅಮಾವಾಸ್ಯೆ ಬಂತೆಂದರೆ ಅರ್ಧ ಜಿಲ್ಲೆಯೇ ಘತ್ತರಗಿಯ ಭಾಗ್ಯವಂತಿಯ ಗುಡಿಗೆ ಬಸ್ಸು ತುಂಬಿಕೊಂಡು ಹೋಗುತ್ತದೆ, ನೀನೂ ತಪ್ಪದೆ ಹೋಗುತ್ತೀ, ಆಗ ಇಲ್ಲದ ಅಮಾವಾಸ್ಯೆ ಈಗ ಎಲ್ಲಿಂದ ಬಂತು ಎಂದು ಕೇಳಿದೆ. ಅದು ದೇವಿ ಕರೆದಳೆಂದು ಹೋಗುವುದು, ಸಂಜೆಗೆ ಮನೆಗೆ ಬರುತ್ತೇವೆ, ಇದು ಬೇರೆ ಎಂದಳು. ಹೀಗೆ ವಾದ ಮಾಡಿ ಅವ್ವನನ್ನು ಗೆದ್ದವರು ನಮ್ಮ ಬಜಾರಿನಲ್ಲಿ ಯಾರೂ ಇಲ್ಲ. ಕೊನೆಗೆ ಅವಳೇ ದಾರಿ ಹುಡುಕಿದಳು.

"ಪರಸ್ತಾನ ಇಡ್ತೇನಿ" ಎಂದಳು.

ಪ್ರಸ್ಥಾನ ಅಂದರೆ ಹೀಗೆ. ಹೊರಡುವ ದಿನ ಒಳ್ಳೆಯದಲ್ಲದಿದ್ದರೆ, ಅದಕ್ಕೂ ಮೊದಲಿನ ಒಂದು ಒಳ್ಳೆಯ ದಿನ ಒಂದು ಗಂಟು ಕಟ್ಟುತ್ತಾರೆ. ಅದರಲ್ಲಿ ಅಕ್ಕಿ, ಅರಿಶಿನ ಕೊಂಬು, ಅಡಿಕೆ, ಹೊರಡುವವರ ಒಂದು ಬಟ್ಟೆ. ಆ ಗಂಟನ್ನು ಹೋಗುವ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಇಟ್ಟು ಬರುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಹೊರಡುವ ದಿನ ಆ ಮನೆಯಿಂದ ಗಂಟು ಎತ್ತಿಕೊಂಡು ಹೋದರಾಯಿತು, ಅಂದು ಯಾವ ತಿಥಿಯಿದ್ದರೂ ಬಾಧಕವಿಲ್ಲ. ನಮ್ಮ ಅಜ್ಜಿಯ ಕಾಲದಿಂದ ಇದಕ್ಕೆ ಎರಡು ಕಟ್ಟಳೆ. ಊರ ಗಡಿ ದಾಟಿದ ಗಂಟು, ಹೋದವರು ಸುಖವಾಗಿ ಮುಟ್ಟುವ ತನಕ ತಿರುಗಿ ಬರಬಾರದು. ಮುಟ್ಟಿ, ಹೋದ ಕೆಲಸ ನೆಟ್ಟಗಾದ ಮೇಲೆ ಆ ಅಕ್ಕಿಯನ್ನು ಮನೆ ಮಂದಿಯೇ ಅನ್ನ ಮಾಡಿ ಉಣ್ಣಬೇಕು, ಹೊರಗಿನವರಿಗೆ ಕೊಡಬಾರದು.

ಅಕ್ಕಿ ಅರಿಶಿನವನ್ನು ಆಕ್ಲೆಂಡಿನ ವಿಮಾನ ನಿಲ್ದಾಣದಲ್ಲಿ ತೆಗೆದು ಬುಟ್ಟಿಗೆ ಹಾಕುತ್ತಾರೆ ಎಂದು ತಂಗಿ ಮೊದಲೇ ಎಚ್ಚರಿಸಿದ್ದಳು. ಬಾಣಂತಿಗೆ ತಿನ್ನಿಸುವ ಅಂಟಿನುಂಡಿ ಒಯ್ಯುವುದಕ್ಕೂ ಬಿಡಲಿಲ್ಲವೆಂದು ಅವ್ವನಿಗೆ ಅವಳ ಮೇಲೆ ಮುನಿಸಿತ್ತು. ಗಂಟನ್ನು ಹೈದರಾಬಾದಿನ ವಿಮಾನ ನಿಲ್ದಾಣದ ಬಾಗಿಲ ತನಕ ಅವ್ವ ಒಯ್ಯುವುದು, ಅಲ್ಲಿಂದ ನಾನು ಅದನ್ನು ಜೇವರ್ಗಿಯ ನನ್ನ ಮನೆಗೆ ಒಯ್ದು ಕಾಯುವುದು ಎಂದು ತೀರ್ಮಾನವಾಯಿತು.

ಇನ್ನು ದಿಕ್ಕು. ಇಲ್ಲಿ ನನ್ನ ಓದಿಗೆ ಕೆಲಸ ಬಂತು. ಮೊಬೈಲಿನ ದಿಕ್ಸೂಚಿ ಹಿಡಿದು ಬಜಾರಿನ ನಡುವೆ ನಿಂತೆ. ಸಿಮೆಂಟ್ ಅಂಗಡಿಯವರು ನನ್ನನ್ನೇ ನೋಡುತ್ತಿದ್ದರು. ಅಫಜಲಪುರದಿಂದ ಆಕ್ಲೆಂಡ್ ಆಗ್ನೇಯಕ್ಕಿದೆ. ತಮಾಷೆಯೆಂದರೆ ಜೇವರ್ಗಿಯೂ ನಮ್ಮೂರಿಗೆ ಹೆಚ್ಚುಕಡಿಮೆ ಅದೇ ದಿಕ್ಕು. ನಕ್ಷೆಯ ಮೇಲೆ ಗೆರೆ ಎಳೆದರೆ ಅದು ನನ್ನ ಕಾಲೇಜಿನ ಹತ್ತಿರದಲ್ಲೇ ಹಾಯ್ದು ಸಮುದ್ರಕ್ಕೆ ಹೋಗುತ್ತದೆ. ಇದನ್ನು ಹೇಳಿದಾಗ ಅವ್ವನಿಗೆ ಖುಷಿಯಾಯಿತು. ಹಾಗಾದರೆ ಜೇವರ್ಗಿ ಮೇಲೆ ಹಾದು ಇನ್ನಷ್ಟು ಮುಂದೆ ಹೋಗುವುದು, ಅಷ್ಟೇ ತಾನೇ ಎಂದಳು. ಆಮೇಲೆ ಆ ದಿಕ್ಕಿನ ಮನೆಗಳನ್ನು ಲೆಕ್ಕ ಹಾಕಿದಳು. ಮುಚ್ಚಿದ ಒಂದು ಗಿರಣಿ, ಒಂದು ಗೋಡೌನು, ಅದರಾಚೆಯ ಓಣಿಯಲ್ಲಿ ಮೌಶಿಯ ಮನೆ. ಅವ್ವ ಲೆಕ್ಕ ಹಾಕುವ ಮೊದಲೇ ಆ ಮನೆಯನ್ನು ಮನಸ್ಸಿನಲ್ಲಿ ಆರಿಸಿಕೊಂಡಿದ್ದಳೆಂದು ನನ್ನ ಗುಮಾನಿ.

ಮೌಶಿ ಅಂದರೆ ಚಿಕ್ಕಮ್ಮ, ಆದರೆ ಇವಳು ನಮಗೆ ರಕ್ತಸಂಬಂಧಿಯಲ್ಲ. ತಾಲೂಕಿನ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು. ಬೌದ್ಧರ ಮನೆ ಅವಳದು. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಅವಳ ಮಕ್ಕಳ ಪದವಿಯ ಫೋಟೋಗಳು. ನನ್ನ ತಂಗಿ ಹುಟ್ಟಿದ ದಿನ ಆಸ್ಪತ್ರೆಗೆ ಹೋಗುವಷ್ಟು ಹೊತ್ತಿರಲಿಲ್ಲವಂತೆ. ಆಗಿನ್ನೂ ಹರೆಯದ ನರ್ಸಾಗಿದ್ದ ಮೌಶಿ ನಮ್ಮ ಮನೆಯ ಒಳಕೋಣೆಗೇ ಬಂದು ಹೆರಿಗೆ ಮಾಡಿಸಿ, ಕೂಸನ್ನು ತೊಳೆದು ಅಜ್ಜಿಯ ಕೈಗೆ ಕೊಟ್ಟು ಹೋದಳು. ಅವಳು ಅತ್ತ ಹೋದ ಮೇಲೆ ಅಜ್ಜಿ ಹೊಸ್ತಿಲಿಗೆ ನೀರು ಚಿಮುಕಿಸಿದಳು. ಹಾಸಿಗೆಯಲ್ಲಿದ್ದ ಅವ್ವ ಅದನ್ನು ಕಂಡಳು. ಮೈಲಿಗೆ ಕಳೆದು ಮನೆಯಿಂದ ಹೊರಗೆ ಕಾಲಿಟ್ಟ ಮೊದಲ ದಿನವೇ ಅವ್ವ ಕೂಸನ್ನೆತ್ತಿಕೊಂಡು ಆ ಓಣಿಗೆ ಹೋಗಿ, ಮೌಶಿಯ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದು ಬಂದಳು. ಮನೆಯಲ್ಲಿ ರಂಪವಾಯಿತು. ಅವ್ವ ಮರುದಿನವೂ ಹೋದಳು. ನಮ್ಮ ಮನೆಯಿಂದ ಆ ಮನೆಗೆ ನಡೆದು ಹೋದರೆ ಒಂದು ಬೀಡಿ ಸೇದುವಷ್ಟು ಹೊತ್ತೂ ಬೇಡ. ಆದರೂ ಆ ದಾರಿಯನ್ನು ನಮ್ಮ ಮನೆತನದಲ್ಲಿ ಮೊದಲು ನಡೆದವಳು ನನ್ನ ಅವ್ವ. ಈ ಮಾತನ್ನು ನಾನು ಯಾವತ್ತೂ ಹೆಮ್ಮೆಯಿಂದಲೇ ಹೇಳುತ್ತೇನೆ. ತಂಗಿ ಮೌಶಿಯ ಬಿಳಿ ಸೀರೆ ನೋಡುತ್ತಾ ಬೆಳೆದು ನರ್ಸಾದಳು.

ಗಂಟು ಹಿಡಿದುಕೊಂಡು ಹೋದಾಗ ಮೌಶಿ ಬಾಗಿಲಲ್ಲೇ ನಕ್ಕಳು. ಅವಳಿಗೆ ತಿಥಿ, ವಾರ, ರಾಹುಕಾಲ ಯಾವುದೂ ಇಲ್ಲ. ಅಮಾವಾಸ್ಯೆಯ ದಿನವೇ ಮಗನ ಮನೆಯ ಪಾಯ ತೆಗೆಸಿದವಳು. ತನ್ನ ಮನೆಯಲ್ಲಿ ಇಂಥದ್ದನ್ನೆಲ್ಲ ಯಾರೂ ನಂಬುವುದಿಲ್ಲವೆಂದು ಗೊತ್ತಿದ್ದೂ ಇಲ್ಲಿಗೇ ತಂದಿಯೇನು ಎಂದು ಕೆಣಕಿದಳು.

"ನೀ ನಂಬಬ್ಯಾಡ ಬೇ. ಇಟ್ಕೋ, ಸಾಕು" ಎಂದಳು ಅವ್ವ.

ಮೌಶಿ ಇಟ್ಟುಕೊಂಡಳು. ಬುದ್ಧನ ಪಟದ ಕೆಳಗಿನ ಕಟ್ಟೆಯ ಮೇಲೆ ಹಳದಿ ಬಟ್ಟೆಯ ಗಂಟು ಕೂತಿತು.

ಅಂದಿನಿಂದ ಅವ್ವ ಊರಲ್ಲಿಲ್ಲ. ಅಂದರೆ ಅವಳ ಪ್ರಕಾರ ಇಲ್ಲ. ಜಂಪರಿಗೆ ಬಟ್ಟೆ ತಂದವರಿಗೆ, ನಾ ಹೊಂಟೇನಿ, ಊರಾಗಿಲ್ಲ ಎಂದು ಮಷೀನಿನ ಹಿಂದೆ ಕೂತೇ ಹೇಳುತ್ತಿದ್ದಳು. ಮದುವೆ ಮನೆಯವರೊಬ್ಬರು, ಕಣ್ಮುಂದೆ ಕೂತು ಊರಲ್ಲಿಲ್ಲ ಅಂದರೆ ಹೇಗೆ ಎಂದು ಜಗಳಕ್ಕೇ ನಿಂತರು. ಅವ್ವ ಹಳೆಯ ಕೆಲಸ ಮುಗಿಸಿದಳೇ ಹೊರತು ಹೊಸದು ಮುಟ್ಟಲಿಲ್ಲ. ಮಧ್ಯಾಹ್ನ ಮೌಶಿಯ ಮನೆಗೆ ಹೋಗಿ ಗಂಟಿನ ಪಕ್ಕ ಒಂದಿಷ್ಟು ಹೊತ್ತು ಕೂತು ಬರುತ್ತಿದ್ದಳು. ನಾನು ಫೋನ್ ಮಾಡಿ ಕಾರಿನ ಹೊತ್ತು, ಕಾಯುವ ಹೊತ್ತು, ಹಾರುವ ಹೊತ್ತು ಎಲ್ಲ ಕೂಡಿಸಿ ಹೇಳಿದರೆ, ನಿನ್ನ ಲೆಕ್ಕ ನಿನಗಿರಲಿ, ನಾನಾಗಲೇ ಮೌಶಿಯ ಮನೆ ತನಕ ಬಂದಿದ್ದೇನೆ ಎನ್ನುತ್ತಿದ್ದಳು. ಕಾಲೇಜಿನಲ್ಲಿ ಮಕ್ಕಳಿಗೆ ರೇಖಾಂಶ ಕಲಿಸುವಾಗ ಇದು ನೆನಪಾಗಿ ನಗು ಬರುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ನಾನೂ ನನ್ನ ಗಂಡನೂ ಕಾರು ತಂದೆವು. ಅಂಗಳದ ತುಂಬ ಜನ. ಒಬ್ಬರು ಉಡಿ ತುಂಬುವವರು, ಒಬ್ಬರು ಮೊಸರು ತಂದವರು, ಒಬ್ಬರು ವಿಮಾನದಲ್ಲಿ ಕಿವಿ ಮುಚ್ಚುತ್ತದೆ ಹತ್ತಿ ಇಟ್ಟುಕೋ ಎನ್ನುವವರು. ಊರಲ್ಲೇ ಅವ್ವನ ಜೊತೆಗಿರುವ ನನ್ನ ತಮ್ಮನ ಹೆಂಡತಿ ಚೀಲಗಳನ್ನು ಎಣಿಸಿ ಎಣಿಸಿ ಸೋತಿದ್ದಳು. ಮೊದಲು ಆಗಿದ್ದ ಮಾತಿನಂತೆ ನಾವು ಮೌಶಿಯ ಮನೆಯ ಮುಂದೆ ಕಾರು ನಿಲ್ಲಿಸಿ ಗಂಟು ಎತ್ತಿಕೊಳ್ಳಬೇಕು, ಮೌಶಿ ಬಾಗಿಲಲ್ಲಿ ನಿಂತಿರಬೇಕು. ಆದರೆ ಹಿಂದಿನ ದಿನವಷ್ಟೇ ಅವಳ ಓಣಿಯ ಬಾಯಿಯಲ್ಲಿ ನೀರಿನ ಪೈಪಿಗಾಗಿ ರಸ್ತೆ ಅಗೆದಿದ್ದರು. ಕಾರು ಬರುವುದಿಲ್ಲವೆಂದು ಗೊತ್ತಾದ ಮೌಶಿ, ಗೆಳತಿಯನ್ನು ನೋಡದೆ ಕಳಿಸುವುದು ಹೇಗೆಂದು ಮನೆಗೆ ಬೀಗ ಹಾಕಿ ನಮ್ಮ ಅಂಗಳಕ್ಕೇ ಬಂದುಬಿಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು. ಮೌಶಿ ಬಂದಳೆಂದರೆ ಗಂಟೂ ಬಂದಿತೆಂದು ಅವ್ವ ತಿಳಿದಳು. ಅಂಥದ್ದನ್ನು ನಂಬದ ಮೌಶಿಗೆ ಗೆಳತಿ ಹೊರಟ ದುಃಖದಲ್ಲಿ ಗಂಟಿನ ನೆನಪೇ ಬರಲಿಲ್ಲ. ನಾನು ಪಾಸ್‌ಪೋರ್ಟ್ ಒಂದನ್ನೇ ತಲೆಯಲ್ಲಿಟ್ಟುಕೊಂಡಿದ್ದೆ. ಕಾರು ಕಲಬುರಗಿಯ ದಾರಿ ಹಿಡಿಯಿತು.

ಹೈದರಾಬಾದಿನ ವಿಮಾನ ನಿಲ್ದಾಣ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಅವ್ವನಿಗೆ ಸಹಾಯಕ್ಕೆಂದು ಬುಕ್ ಮಾಡಿದ್ದ ಗಾಲಿ ಕುರ್ಚಿಯನ್ನು ಅವಳು, ನನಗೇನು ಕಾಲಿಲ್ಲೇನು ಎಂದು ತಿರಸ್ಕರಿಸಿದ್ದಳು. ದಾರಿ ತಪ್ಪದಂತೆ ಅವರೇ ಕರೆದೊಯ್ಯುತ್ತಾರೆಂದು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಬಾಗಿಲ ಹತ್ತಿರ ಬಂದಾಗ, ಇನ್ನು ಗಂಟು ಕೊಡು, ಇಲ್ಲಿಂದ ನಾನು ಒಯ್ಯುತ್ತೇನೆ ಎಂದೆ.

ಅವ್ವ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಗಂಡ ಕಾರಿನ ಡಿಕ್ಕಿಯನ್ನೆಲ್ಲ ತಡಕಾಡಿ ಬರಿಗೈಯಲ್ಲಿ ಬಂದ. ಅವ್ವ ಅಲ್ಲೇ ಕಬ್ಬಿಣದ ಬೆಂಚಿನ ಮೇಲೆ ಕೂತುಬಿಟ್ಟಳು.

"ಗಂಟು ಊರಾಗ ಅದ. ಅಂದ್ರ ನಾ ಇನ್ನಾ ಹೊಂಟಿಲ್ಲ" ಎಂದಳು.

ನಾನು ಮೊದಲು ಮೆತ್ತಗೆ ಹೇಳಿದೆ, ಆಮೇಲೆ ಜೋರಾಗಿ ಹೇಳಿದೆ. ಇಷ್ಟು ದೂರ ಬಂದು ಕೂತು ಹೊರಟಿಲ್ಲ ಅಂದರೆ ಏನು, ಅಲ್ಲಿ ಅವಳು ತುಂಬಿದ ಬಸುರಿ, ನಿನ್ನ ದಾರಿ ಕಾಯುತ್ತಿದ್ದಾಳೆ, ಈ ವಿಮಾನ ತಪ್ಪಿದರೆ ಮತ್ತೆ ಯಾವಾಗಲೋ ಎಂದೆಲ್ಲ ಹೇಳಿದೆ. ಅವ್ವ ಹಟ ಮಾಡುತ್ತಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಹಟ ಮಾಡುವಾಗ ಅವಳ ಮಾತು ಚುರುಕಾಗುತ್ತದೆ. ಈಗ ಅವಳು ಸೆರಗಿನ ತುದಿ ಸುತ್ತುತ್ತಾ ಮೆಲ್ಲಗೆ ಮಾತಾಡುತ್ತಿದ್ದಳು. ಹಿಂದಿನ ಸಲ ಕೂಸು ಹೋಯಿತು, ಈ ಸಲ ತಾನು ಕೆಟ್ಟ ಹೆಜ್ಜೆ ಇಟ್ಟು ಹೋಗಿ ಏನಾದರೂ ಆದರೆ ಆ ಮಗಳ ಮುಖ ಹೇಗೆ ನೋಡಲಿ ಎಂದಳು. ಹೋಗದಿದ್ದರೂ ಅವಳ ಮುಖ ನೋಡುವುದಕ್ಕಾಗುವುದಿಲ್ಲ ಎಂಬುದು ಅವಳಿಗೇ ಗೊತ್ತಿತ್ತು. ನನಗೆ ಸಿಟ್ಟು ಇಳಿದು ಅಳು ಬಂತು. ಭೂಗೋಳದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಮೌಶಿಗೆ ಫೋನ್ ಮಾಡಿದೆ. ವಿಷಯ ಹೇಳಿದೆ. ಗಂಟು ತನ್ನ ಕಣ್ಣೆದುರಿಗೇ ಇದೆ ಎಂದಳು. ಇದೆಲ್ಲ ಮೂಢನಂಬಿಕೆ ಎಂದು ಅವಳು ಅವ್ವನಿಗೆ ಬುದ್ಧಿ ಹೇಳಬಹುದು, ಅವ್ವ ಅವಳ ಮಾತು ಕೇಳಬಹುದು ಎಂಬ ಆಸೆ ನನಗಿತ್ತು. ಮೌಶಿ ಬುದ್ಧಿ ಹೇಳಲಿಲ್ಲ. ಅದು ಯಾವ ದಿಕ್ಕು ಅಂದಿದ್ದಿ ಎಂದು ಕೇಳಿದಳು. ಆಗ್ನೇಯ, ಜೇವರ್ಗಿಯ ಕಡೆ ಎಂದೆ. ಫೋನ್ ಕೈಯಲ್ಲೇ ಹಿಡಿದುಕೊಂಡಿರು ಎಂದು ಹೇಳಿ ಕಟ್ ಮಾಡಿದಳು.

ನಾವು ಕಾದೆವು. ಗಂಡ ಚಹಾ ತಂದ, ಅವ್ವ ಮುಟ್ಟಲಿಲ್ಲ. ನಮ್ಮ ಮುಂದೆ ಜನ ಚೀಲ ತಳ್ಳಿಕೊಂಡು ಒಳಗೆ ಹೋಗುತ್ತಲೇ ಇದ್ದರು. ಗಾಲಿ ಕುರ್ಚಿ ತಂದ ಹುಡುಗಿ ಎರಡು ಸಲ ಗಡಿಯಾರ ನೋಡಿದಳು. ಕೊನೆಗೆ ಫೋನ್ ಬಂತು. ನಾನು ಸ್ಪೀಕರ್ ಹಾಕಿ ಅವ್ವನ ಕಿವಿಗೆ ಹಿಡಿದೆ. ಇಂಜಿನ್ನಿನ ಸದ್ದು, ಯಾರದೋ ಕೂಗು, ಅದರ ನಡುವೆ ಮೌಶಿಯ ದನಿ.

"ಗಂಟು ನನ್ನ ಉಡ್ಯಾಗ ಅದ. ಜೇವರ್ಗಿ ಬಸ್ಸಿನ್ಯಾಗ ಕುಂತೇನಿ. ಬಸ್ಸು ಬಿಟ್ಟದ, ಊರ ಗಡಿ ದಾಟಾಕತ್ತದ. ಇನ್ನ ನೀನೂ ಏಳು."

ಅವ್ವ ಎದ್ದಳು. ಸೀರೆಯ ನೆರಿಗೆ ಸರಿಮಾಡಿಕೊಂಡು, ನನ್ನ ಗಲ್ಲ ಸವರಿ, ಕುರ್ಚಿಯಲ್ಲಿ ಕೂತು, ನಡಿಯವ್ವಾ ಎಂದು ಆ ಹುಡುಗಿಗೆ ಹೇಳಿದಳು. ತಿರುಗಿ ನೋಡಬಾರದೆಂಬುದೂ ಒಂದು ಕಟ್ಟಳೆ. ಅವಳು ತಿರುಗಿ ನೋಡಲಿಲ್ಲ.

ಮೌಶಿ ಸುಳ್ಳು ಹೇಳಿದ್ದಾಳೆಂದೇ ನಾನು ತಿಳಿದೆ. ಅವಳು ಬಸ್ ನಿಲ್ದಾಣಕ್ಕೆ ಹೋಗಿ ಯಾವುದೋ ಬಸ್ಸಿನ ಪಕ್ಕ ನಿಂತು ಫೋನ್ ಮಾಡಿರಬೇಕು. ಮಂಡಿನೋವಿನ, ಇದನ್ನೆಲ್ಲ ನಂಬದ ಹೆಂಗಸು ಕತ್ತಲಾಗುವ ಹೊತ್ತಿನಲ್ಲಿ, ಘತ್ತರಗಿಯ ಅಮಾವಾಸ್ಯೆ ಗದ್ದಲದಲ್ಲಿ ನಿಜಕ್ಕೂ ಜೇವರ್ಗಿ ಬಸ್ಸು ಹತ್ತುತ್ತಾಳೆಯೇ? ಆ ಸುಳ್ಳಿಗಾಗಿ ನಾನು ಅವಳಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಅದನ್ನು ಕೆದಕಬಾರದೆಂದು ಮತ್ತೆ ಫೋನೂ ಮಾಡಲಿಲ್ಲ. ರಾತ್ರಿ ಹೈದರಾಬಾದಿನಲ್ಲೇ ಉಳಿದು, ಮರುದಿನ ಬೆಳಿಗ್ಗೆ ಹೊರಟು ಮಧ್ಯಾಹ್ನ ಜೇವರ್ಗಿ ಸೇರಿದೆವು.

ನಮ್ಮದು ಮೇಲಿನ ಮಾಳಿಗೆಯ ಬಾಡಿಗೆ ಮನೆ. ಕೆಳಗೆ ಮಾಲಕರ ಪಡಸಾಲೆಯಲ್ಲಿ ಮೌಶಿ ಕೂತಿದ್ದಳು. ರಾತ್ರಿ ಅಲ್ಲೇ ಉಳಿದು, ಈಗ ಅವರ ಮನೆಯ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಹಳದಿ ಗಂಟು. ನನ್ನ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಘತ್ತರಗಿಯಿಂದ ತಿರುಗಿ ಬರುತ್ತಿದ್ದವರು ದಾರಿಯಲ್ಲಿ ಹತ್ತಿ, ಅರಿಶಿನದ ಬಟ್ಟೆ ಕಂಡು ಇದು ದೇವಿಯ ಪ್ರಸಾದವಿರಬೇಕೆಂದು ಗಂಟಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡರಂತೆ. ನೆಲೋಗಿಯಲ್ಲಿ ಇಳಿದ ಒಬ್ಬ ಮುದುಕಿ, ಯಾರ ಹರಕೆಯವ್ವಾ ಇದು ಎಂದು ಕೇಳಿದಳಂತೆ. ನಮ್ಮಕ್ಕಂದು ಎಂದಳಂತೆ ಮೌಶಿ. ಇದನ್ನೆಲ್ಲ ಅವಳು ನಗುನಗುತ್ತಾ ಹೇಳುತ್ತಿದ್ದರೆ ನನಗೆ ತಡೆಯಲಾಗಲಿಲ್ಲ. ಮನೆಯಲ್ಲೇ ಕೂತು ಹೊರಟೆ ಅಂದಿದ್ದರೂ ಅವ್ವ ನಂಬುತ್ತಿದ್ದಳು, ಯಾರಿಗೂ ಗೊತ್ತಾಗುತ್ತಿರಲಿಲ್ಲ, ಯಾಕೆ ಇಷ್ಟು ಕಷ್ಟಪಟ್ಟೆ ಎಂದು ಕೇಳಿದೆ.

ಮೌಶಿಯ ನಗು ನಿಂತಿತು. "ಅಕಿ ನನ್ನ ಮಾತಿನ ಮ್ಯಾಲ ಎದ್ದು ಹೊಂಟಾಳ. ಅಷ್ಟು ದೂರದ ದಾರಿಗಿ ಸುಳ್ಳು ಕಟ್ಟಿ ಕಳಸಾಕ ಆಗ್ತದೇನು?"

ನಾನು ಅವಳ ಕಾಲ ಬಳಿ ಕೂತು ಮೆಂತ್ಯ ಬಿಡಿಸತೊಡಗಿದೆ.

ಅಂದು ಸಂಜೆಯ ತನಕ ನಾವಿಬ್ಬರೂ ಮೊಬೈಲು ಮುಂದಿಟ್ಟುಕೊಂಡು ಕೂತೆವು. ಅದರಲ್ಲಿ ಅವ್ವನ ವಿಮಾನ ಜೋಳದ ಕಾಳಿನಷ್ಟು ಗಾತ್ರದಲ್ಲಿ ನೀಲಿಯ ಮೇಲೆ ತೆವಳುತ್ತಿತ್ತು. ಎಷ್ಟು ಹೋದಳು, ಇನ್ನೆಷ್ಟು ಉಳಿಯಿತು ಎಂದು ಮೌಶಿ ಕೇಳುತ್ತಿದ್ದಳು. ಸಮುದ್ರ ಮುಗಿಯಿತು, ಈಗ ಆಸ್ಟ್ರೇಲಿಯಾದ ಮೇಲಿದ್ದಾಳೆ ಎಂದರೆ, ಕೆಳಗೆ ನೆಲವಿದೆಯಲ್ಲ ಎಂದು ಅವಳಿಗೆ ನೆಮ್ಮದಿ. ಮತ್ತೆ ನೀಲಿ ಬಂದರೆ ಮತ್ತೆ ಚಿಂತೆ. ನಂಬದವಳು ಗಂಟನ್ನು ಮಾತ್ರ ತೊಡೆಯಿಂದ ಇಳಿಸಲಿಲ್ಲ.

ಇಲ್ಲಿ ಸಂಜೆಯ ಚಹಾ ಕುದಿಯುವಾಗ ಅಲ್ಲಿಂದ ವಿಡಿಯೊ ಕರೆ ಬಂತು. ಅಲ್ಲಿ ಆಗಲೇ ರಾತ್ರಿ. ತಂಗಿಯ ಊದಿದ ಮುಖ, ಅದರ ಪಕ್ಕ ಸ್ವೆಟರಿನೊಳಗೆ ಹುದುಗಿದ ಅವ್ವನ ಮುಖ. ಅವ್ವ ನನ್ನನ್ನು ವಿಚಾರಿಸಲಿಲ್ಲ, ಗಂಟು ಮುಟ್ಟತೇನು ಎಂದು ಕೇಳಿದಳು. ಮೌಶಿ ಅದನ್ನು ಎತ್ತಿ ತೋರಿಸಿ, ನಿನಗಿಂತ ಮೊದಲು ಮುಟ್ಟಿದೆ ಎಂದಳು. ಅವ್ವನ ಕೈ ಆಗಲೇ ತಂಗಿಯ ಬೆನ್ನ ಮೇಲಿತ್ತು. ಫೋನಿನಲ್ಲಿ ಹೋಗದ ಕೈ ಅಲ್ಲಿಗೆ ಹೋಗಿ ಮುಟ್ಟಿತ್ತು. ನನಗೆ ಆ ಕ್ಷಣ ಆದ ಸಂತೋಷವನ್ನು ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ.

ಮೌಶಿ ಮರುದಿನ ಊರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಗಂಟು ಇಟ್ಟುಕೊಂಡವಳು ತಾನು, ಕೆಲಸ ನೆಟ್ಟಗಾಗುವ ತನಕ ಅದನ್ನು ಬಿಟ್ಟು ಹೋಗುವುದು ಸರಿಯಲ್ಲ ಎಂದಳು. ಇದು ಯಾವ ಕಟ್ಟಳೆ ಎಂದು ಕೆಣಕಿದರೆ, ನನ್ನದು ಎಂದಳು. ನನ್ನ ಗ್ಲೋಬಿನ ಪಕ್ಕದ ಕಪಾಟಿನಲ್ಲಿ ಗಂಟು ಇಟ್ಟೆವು. ಅವಳು ನನ್ನ ಅಡುಗೆಮನೆಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು, ನನ್ನ ಕೈಯ ದಪ್ಪ ರೊಟ್ಟಿಯನ್ನು ದಿನಾ ಆಡಿಕೊಂಡಳು.

ವಾರ ತುಂಬುವ ಮೊದಲೇ ಹೆರಿಗೆಯಾಯಿತು. ಡಾಕ್ಟರು ಹೇಳಿದಂತೆ ಕೂಸು ಅವಸರ ಮಾಡಿತ್ತು. ಹೆಣ್ಣು. ತಾಯಿ ಮಗು ಇಬ್ಬರೂ ಸುಖ. ಇಡೀ ಹೊತ್ತು ಅವ್ವ ನಿಂತೇ ಇದ್ದಳು, ಕೈ ತೆಗೆಯಲೇ ಇಲ್ಲ, ಕೂರಲು ಹೇಳಿದರೂ ಭಾಷೆ ತಿಳಿಯದವಳಂತೆ ನಟಿಸಿದಳು ಎಂದು ತಂಗಿ ಅಳುತ್ತಾ ನಗುತ್ತಾ ಹೇಳಿದಳು. ಒಂದು ವಾರ ಮುಂದೂಡಿದ್ದರೆ ಆ ಹೊತ್ತಿಗೆ ಅವ್ವ ಇನ್ನೂ ಅಫಜಲಪುರದಲ್ಲೇ ಇರುತ್ತಿದ್ದಳು ಎಂದು ನಾನು ಲೆಕ್ಕ ಹಾಕಿದೆ. ಕೂಸನ್ನು ಪರದೆಯ ತುಂಬ ತೋರಿಸಿದರು. ಮೌಶಿ ಕನ್ನಡಕ ಹಾಕಿಕೊಂಡು, ಹೊಕ್ಕುಳು ನೋಡಿ, ಬಣ್ಣ ನೋಡಿ, ಅಳು ಕೇಳಿಸಿಕೊಂಡು, ಚಲೋ ಅದ ಎಂದು ತನ್ನ ಹಳೆಯ ನೌಕರಿಯ ದನಿಯಲ್ಲಿ ಹೇಳಿದಳು.

ಆಮೇಲೆ ಅವ್ವ ಬಂದು, ಇನ್ನು ಗಂಟು ಬಿಚ್ಚಿ, ಆ ಅಕ್ಕಿ ಇವತ್ತೇ ಅನ್ನ ಮಾಡಿ ಎಂದಳು. ಆಯಿತು, ಈಗಲೇ ಇಡುತ್ತೇನೆ ಎಂದು ನಾನು ಏಳಲು ಹೋದೆ. ಮನೆ ಮಂದಿ ಅಂದರೆ ಮಗಳಾದ ನಾನೇ ತಾನೇ.

"ನೀ ಕುಂದುರು" ಎಂದಳು ಅವ್ವ. "ಅಕಿಗಿ ಕೊಡು ಫೋನ್."

ಮೌಶಿ ಫೋನ್ ತೆಗೆದುಕೊಂಡಳು.

"ಮನಿ ಮಂದೀನ ಮಾಡಬೇಕದು ಬೇ, ಗೊತ್ತದ ಇಲ್ಲ ನಿನಗ. ನೀನೇ ಮಾಡು. ಮೊದಲ ತುತ್ತು ನೀನೇ ಉಣ್ಣು."

ಮೌಶಿ ಫೋನನ್ನು ನನ್ನ ಕೈಗಿತ್ತು, ಕಪಾಟಿನಿಂದ ಗಂಟು ತೆಗೆದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಳು. ಅವ್ವ ಕಟ್ಟಿದ ಗಂಟು ಬಿಗಿಯಾಗಿತ್ತು. ನಾನು ಸಹಾಯಕ್ಕೆ ಹೋದರೆ ಕೈ ಸರಿಸಿದಳು. ಕೊನೆಗೆ ಬಿಚ್ಚಿ, ಅಕ್ಕಿಯನ್ನು ಮೊರಕ್ಕೆ ಸುರಿದು ಆರಿಸತೊಡಗಿದಳು. ಅವ್ವ ಆರಿಸಿಯೇ ಕಟ್ಟಿದ್ದ ಅಕ್ಕಿ, ಒಂದು ಕಲ್ಲೂ ಇರಲಿಲ್ಲ. ಮೌಶಿ ತಲೆ ತಗ್ಗಿಸಿ ಬಹಳ ಹೊತ್ತು ಆರಿಸಿದಳು.

ಅನ್ನವಾದ ಮೇಲೆ ಮತ್ತೆ ಕರೆ ಮಾಡಿದೆ. ಅಲ್ಲಿ ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನಮ್ಮನ್ನು ನೋಡುತ್ತಿದ್ದಳು. ಇಲ್ಲಿ ಮೌಶಿ ಅನ್ನಕ್ಕೆ ತುಪ್ಪ ಕಲಸಿ ಮೊದಲ ತುತ್ತು ಬಾಯಿಗಿಟ್ಟಳು. ಉಪ್ಪು ಹಾಕೀದಿಯೇನು ಎಂದು ಅವ್ವ ಅಲ್ಲಿಂದ ಕೇಳಿದಳು. ಹಾಕೇನಿ, ನೀ ಕೂಸಿನ ಕಡೆ ನೋಡು ಎಂದಳು ಮೌಶಿ. ಅವಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಹಾಗೇ ಎರಡನೆಯ ತುತ್ತು ಕಲಸಿ, ಅದನ್ನು ನನ್ನ ಬಾಯಿಗಿಟ್ಟಳು.